ಒಂದು ಲಕ್ಷಣ, ಎರಡು ಕಾರಣ: ಪಿಸಿವಿ ವಾಲ್ವ್ ದೋಷಪತ್ತೆಯ ಅಭ್ಯಾಸ ಪಾಠ

ತರಗತಿ: 10. ವಿಷಯ: ಆಟೊಮೊಬೈಲ್, ವೃತ್ತಿ ಶಿಕ್ಷಣ. ಅವಧಿ: 40 ನಿಮಿಷಗಳ ಎರಡು ಪಾಠ.

ಪಾಠದ ಹಿನ್ನೆಲೆ

ಶಿವಾಜಿನಗರದ ಗುಜರಿ ಅಂಗಡಿಗಳ ಸುತ್ತಮುತ್ತಲಿನ ಮಕ್ಕಳಿಗೆ ಎಂಜಿನ್ ಹೊಸ ವಸ್ತುವಲ್ಲ. ಬಿಚ್ಚಿಟ್ಟ ಪಿಸ್ಟನ್, ಎಣ್ಣೆ ಹಿಡಿದ ಹೆಡ್, ರಾಶಿ ಬಿದ್ದ ಹೋಸುಗಳನ್ನು ಅವರು ದಾರಿಯಲ್ಲೇ ನೋಡುತ್ತಾರೆ. ನಾನು ಅಭ್ಯಾಸ ಬೋಧನೆ ಮಾಡಿದ ತರಗತಿಯಲ್ಲಿ ಪೀಠಿಕಾ ಪ್ರಶ್ನೆಯಾಗಿ, “ಎಂಜಿನ್ ಓಡುವಾಗ ಆಯಿಲ್ ಕ್ಯಾಪ್ ತೆಗೆದರೆ ಹೊಗೆ ಬುಸುಗುಟ್ಟುತ್ತದೆ. ಏನು ತೊಂದರೆ?” ಎಂದು ಕೇಳಿದೆ. ಹೆಚ್ಚಿನವರ ಉತ್ತರ ಒಂದೇ: “ಬ್ಯಾಕ್ ಕಂಪ್ರೆಷನ್ ಸಾರ್, ಎಂಜಿನ್ ಬಿಚ್ಚಬೇಕು.”

ಈ ಉತ್ತರ ಪೂರ್ತಿ ತಪ್ಪಲ್ಲ. ಆದರೆ ಅದು ಲಕ್ಷಣದಿಂದ ನೇರವಾಗಿ ತೀರ್ಪಿಗೆ ಜಿಗಿಯುತ್ತದೆ. ಅದೇ ಹೊಗೆಗೆ ಕಟ್ಟಿಕೊಂಡ ಸಣ್ಣ ವಾಲ್ವ್ ಕೂಡ ಕಾರಣವಾಗಬಹುದು. ವಾಲ್ವ್ ಬದಲಿಸುವುದು ಸಾಮಾನ್ಯವಾಗಿ ಕೆಲವು ನಿಮಿಷಗಳ ಕೆಲಸ. ಎಂಜಿನ್ ಬಿಚ್ಚಿದರೆ ಕಾರು ದಿನಗಟ್ಟಲೆ ನಿಲ್ಲುತ್ತದೆ. ಟ್ಯಾಕ್ಸಿಯಿಂದಲೇ ಮನೆ ನಡೆಸುವವನಿಗೆ ಈ ವ್ಯತ್ಯಾಸ ದೊಡ್ಡದು. ಆದ್ದರಿಂದ ಪಾಠದ ಮುಖ್ಯ ಉದ್ದೇಶವನ್ನು ಹೀಗೆ ಬರೆದುಕೊಂಡೆ: ಒಂದೇ ಲಕ್ಷಣ ತೋರುವ ಎರಡು ಕಾರಣಗಳನ್ನು ಬೇರ್ಪಡಿಸುವ ಪರೀಕ್ಷೆಯನ್ನು ವಿದ್ಯಾರ್ಥಿಯು ಆರಿಸುವನು.

ಕಲಿಕಾಂಶ

ಉರಿದ ಅನಿಲದ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಹೊಸ ಎಂಜಿನ್ನಿನಲ್ಲೂ ಇದು ತಪ್ಪಿದ್ದಲ್ಲ. ಅದರಲ್ಲಿ ಉರಿಯದ ಪೆಟ್ರೋಲ್ ಆವಿ ಮತ್ತು ನೀರಾವಿ ಇರುತ್ತವೆ. ಅದು ಒಳಗೇ ಉಳಿದರೆ ಆಯಿಲ್ ಕೆಡುತ್ತದೆ, ಒತ್ತಡ ಏರಿ ಸೀಲುಗಳಿಂದ ಆಯಿಲ್ ಸೋರುತ್ತದೆ. ಪಿಸಿವಿ ವಾಲ್ವ್ ಈ ಅನಿಲವನ್ನು ಇಂಟೇಕ್ ಮ್ಯಾನಿಫೋಲ್ಡಿಗೆ ಕಳುಹಿಸಿ ಮತ್ತೆ ಉರಿಯುವಂತೆ ಮಾಡುತ್ತದೆ. ಏರ್ ಫಿಲ್ಟರ್ ಕಡೆಯ ಇನ್ನೊಂದು ಹೋಸಿನಿಂದ ಶುದ್ಧ ಗಾಳಿ ಒಳಬರುತ್ತದೆ.

ವಾಲ್ವಿನೊಳಗೆ ಒಂದು ಸ್ಪ್ರಿಂಗ್, ಒಂದು ಪ್ಲಂಜರ್. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡಿನ ನಿರ್ವಾತ ಹೆಚ್ಚು. ಅದು ಪ್ಲಂಜರನ್ನು ಎಳೆದು ದಾರಿಯನ್ನು ಕಿರಿದಾಗಿಸುತ್ತದೆ. ಆಕ್ಸಿಲರೇಟರ್ ಒತ್ತಿದಾಗ ನಿರ್ವಾತ ತಗ್ಗುತ್ತದೆ, ಸ್ಪ್ರಿಂಗ್ ಪ್ಲಂಜರನ್ನು ಹಿಂದಕ್ಕೆ ತಳ್ಳಿ ದಾರಿಯನ್ನು ಅಗಲಿಸುತ್ತದೆ. ವಿಜ್ಞಾನ ಪಾಠದಲ್ಲಿ ಮಕ್ಕಳು ಕಲಿತ ಒತ್ತಡದ ಪರಿಕಲ್ಪನೆ ಇಲ್ಲಿಗೆ ಬೇಕಾದ ಪೂರ್ವಜ್ಞಾನ.

ಹಿಂದಿನ ಕಾರುಗಳಲ್ಲಿ ಈ ಅನಿಲವನ್ನು ಒಂದು ಕೊಳವೆಯಿಂದ ರಸ್ತೆಗೇ ಬಿಡುತ್ತಿದ್ದರು. ಹೊಗೆಮಂಜಿನಿಂದ ಕಂಗೆಟ್ಟ ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಹೊಸ ಕಾರುಗಳಿಗೆ ಪಿಸಿವಿ ಬಂತು. ಇಂದು ನಮ್ಮ ಭಾರತ್ ಸ್ಟೇಜ್ ಮಾನದಂಡಗಳ ಪ್ರಕಾರ ಪೆಟ್ರೋಲ್ ಕಾರಿನ ಕ್ರ್ಯಾಂಕ್‌ಕೇಸ್ ಅನಿಲವನ್ನು ಹೊರಗೆ ಬಿಡುವಂತಿಲ್ಲ. “ಪೈಪನ್ನು ಹೊರಗೆ ಬಿಟ್ಟರಾಯ್ತು” ಎಂಬ ಗ್ಯಾರೇಜಿನ ಉಪಾಯ ಏಕೆ ದುರಸ್ತಿಯಲ್ಲ ಎಂಬುದನ್ನು ಇಲ್ಲೇ ಚರ್ಚಿಸಿದೆವು.

ಚಟುವಟಿಕೆ 1: ಬಾಟಲಿಯ ಮಾದರಿ

1 ಲೀಟರ್ ಪ್ಲಾಸ್ಟಿಕ್ ಬಾಟಲಿಗೆ ಮೂರು ತೂತು ಮಾಡಿ ಮೂರು ಮೆದು ಕೊಳವೆ ಸೇರಿಸಿ, ಸಂದುಗಳನ್ನು ಮೇಣದಿಂದ ಮುಚ್ಚಬೇಕು. ಬಾಯಿಗೆ ತೆಳುವಾದ ಪಾಲಿಥಿನ್ ಚೀಲ ಕಟ್ಟಬೇಕು. ಮೊದಲ ಕೊಳವೆಯಲ್ಲಿ ಊದುವುದು ರಿಂಗ್ ದಾಟಿ ಬರುವ ಅನಿಲ, ಎರಡನೆಯದು ಪಿಸಿವಿ, ಮೂರನೆಯದು ಶುದ್ಧ ಗಾಳಿಯ ಹೋಸು. ಎರಡನೆಯದನ್ನು ಚಿವುಟಿದರೆ ಗಾಳಿ ಮೂರನೆಯದರಿಂದ ಹಿಮ್ಮುಖವಾಗಿ ಹೊರಬರುತ್ತದೆ. ಏರ್ ಫಿಲ್ಟರಿನಲ್ಲಿ ಆಯಿಲ್ ಕಾಣುವುದು ಏಕೆಂದು ಮಕ್ಕಳೇ ಹೇಳಿದರು. ಎರಡನ್ನೂ ಚಿವುಟಿದರೆ ಚೀಲ ಉಬ್ಬುತ್ತದೆ.

ನಂತರ ಎಲ್ಲ ಕೊಳವೆಗಳನ್ನೂ ತೆರೆದಿಟ್ಟು ಜೋರಾಗಿ ಊದಲು ಹೇಳಿದೆ. ಆಗಲೂ ಚೀಲ ಉಬ್ಬಿತು. ಪಾಠದ ತಿರುವು ಇದೇ: ಉಬ್ಬಿದ ಚೀಲ ಒಂದು, ಕಾರಣ ಎರಡು. ದಾರಿ ಕಟ್ಟಿರಬಹುದು, ಅಥವಾ ಬರುವ ಅನಿಲವೇ ಹೆಚ್ಚಿರಬಹುದು.

ಚಟುವಟಿಕೆ 2: ಕಾರಿನ ಮೇಲೆ ಪರೀಕ್ಷೆ

ಬಯಲಿನಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿರುವಾಗ ಶಿಕ್ಷಕರೇ ಮಾಡಿ ತೋರಿಸಬೇಕು. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬಾರದು. ತಿರುಗುವ ಬೆಲ್ಟ್ ಮತ್ತು ಫ್ಯಾನಿನಿಂದ ಮಕ್ಕಳನ್ನು ದೂರ ನಿಲ್ಲಿಸಬೇಕು.

1. ಐಡ್ಲಿಂಗ್‌ನಲ್ಲಿ ಆಯಿಲ್ ಕ್ಯಾಪ್ ತೆಗೆದು, ಶುದ್ಧ ಗಾಳಿಯ ಹೋಸನ್ನು ಒತ್ತಿಹಿಡಿದು, ತೂತಿನ ಮೇಲೆ ಕಾಗದ ಇಡಿ. ಸುಮಾರು ಒಂದು ನಿಮಿಷದೊಳಗೆ ಅದು ಒಳಕ್ಕೆ ಅಂಟಿದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ. ಮೇಲಕ್ಕೆ ಹಾರಿದರೆ ಎರಡು ಕಾರಣಗಳಲ್ಲಿ ಒಂದಿದೆ. ಯಾವುದೆಂದು ಕಾಗದ ಹೇಳದು.

2. ವಾಲ್ವನ್ನು ಕವರಿನಿಂದ ಎಳೆದು, ಹೋಸಿನಲ್ಲೇ ಬಿಟ್ಟು, ತುದಿಗೆ ಬೆರಳಿಡಿ. ಎಳೆತ ಇಲ್ಲವೆಂದರೆ ವಾಲ್ವ್ ಕಳಚಿ ಹೋಸಿನ ಬಾಯಿಗೆ ಬೆರಳಿಡಿ. ಅಲ್ಲಿ ಎಳೆತವಿದ್ದರೆ ವಾಲ್ವ್ ಕಟ್ಟಿದೆ. ಅಲ್ಲೂ ಇಲ್ಲದಿದ್ದರೆ ಹೋಸು ಅಥವಾ ಮ್ಯಾನಿಫೋಲ್ಡಿನ ತೂತು ಕಟ್ಟಿದೆ.

3. ವಾಲ್ವಿನ ತುದಿಯಲ್ಲೇ ಬಲವಾದ ಎಳೆತವಿದ್ದೂ ಕಾಗದ ಹಾರಿದರೆ ಮಾತ್ರ ರಿಂಗುಗಳನ್ನು ಅನುಮಾನಿಸಬೇಕು. ಆಗ ಕಂಪ್ರೆಷನ್ ಗೇಜ್. ಓದಿಕೆ ಕಡಿಮೆಯಿದ್ದು, ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟ ಮೇಲೆ ಏರಿದರೆ ರಿಂಗ್ ಸವೆದಿದೆ ಎಂದು ತಿಳಿಯಬಹುದು.

4. ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಲಕ್ಷಣ ಬೇರೆ: ಐಡ್ಲಿಂಗ್ ಒರಟಾಗುತ್ತದೆ, ಆಯಿಲ್ ಖರ್ಚು ಹೆಚ್ಚುತ್ತದೆ. ಹೋಸನ್ನು ಒತ್ತಿಹಿಡಿದಾಗ ಐಡ್ಲಿಂಗ್ ಸರಿಹೋದರೆ ಆ ದಾರಿಯಲ್ಲಿ ಮಿತಿಮೀರಿ ಗಾಳಿ ಹೋಗುತ್ತಿದೆ.

ವಾಲ್ವ್ ಅಲುಗಿಸಿ “ಟಕ್ ಟಕ್” ಕೇಳುವ ಪರೀಕ್ಷೆ ಮಕ್ಕಳಿಗೆ ಬಲು ಇಷ್ಟ. ಸದ್ದಿಲ್ಲದ ಪ್ಲಂಜರ್ ವಾಲ್ವ್ ಕೆಟ್ಟಿದೆ ಎನ್ನಬಹುದು; ಸದ್ದು ಬಂದ ಮಾತ್ರಕ್ಕೆ ಸರಿಯಿದೆ ಎನ್ನಲಾಗದು, ಸ್ಪ್ರಿಂಗ್ ಸೋತಿರಬಹುದು. ಕೆಲವು ಎಂಜಿನ್ನುಗಳಲ್ಲಿ ಡಯಾಫ್ರಮ್ ಮಾದರಿ ಇರುತ್ತದೆ. ಅಲ್ಲಿ ಈ ಪರೀಕ್ಷೆ ನಡೆಯದು. ಕಂಪನಿಯ ಕೈಪಿಡಿ ನೋಡುವ ಅಭ್ಯಾಸವನ್ನು ಇಲ್ಲಿ ಬೆಳೆಸಬೇಕು.

ವಿಸ್ತರಣೆ

ಹಲಸೂರಿನಿಂದ ಇಂದಿರಾನಗರಕ್ಕೆ ಮಾತ್ರ ಓಡಾಡುವ ಕಾರಿನ ಆಯಿಲ್ ಕ್ಯಾಪಿನಡಿ ಹಾಲಿನ ಕೆನೆಯಂಥ ಪದರ ಕಂಡರೆ ಏನು ಹೇಳುವಿರಿ ಎಂದು ಕೇಳಿದೆ. “ಹೆಡ್ ಗ್ಯಾಸ್ಕೆಟ್” ಎಂದರು. ಎಂಜಿನ್ ಪೂರ್ತಿ ಕಾಯುವ ಮೊದಲೇ ನಿಲ್ಲಿಸುತ್ತಿದ್ದರೆ ನೀರಾವಿ ಅಲ್ಲೇ ತಣಿದು ಆಯಿಲ್ ಜೊತೆ ಬೆರೆಯುತ್ತದೆ. ವಾಲ್ವ್ ಕಟ್ಟಿದ್ದರೆ ಇನ್ನೂ ಬೇಗ. ಗ್ಯಾಸ್ಕೆಟ್ ಎನ್ನುವ ಮೊದಲು ಯಾವ ಪರೀಕ್ಷೆ? ಕೂಲೆಂಟ್ ಮಟ್ಟ ಇಳಿಯುತ್ತಿದೆಯೇ, ಡಿಪ್‌ಸ್ಟಿಕ್ಕಿನ ಆಯಿಲ್ ಕೂಡ ಬಿಳಿಚಿದೆಯೇ ನೋಡಬೇಕೆಂದು ಗುಂಪುಗಳು ತಾವೇ ಹೇಳಿದವು.

ಭಾಷೆಯ ಬಗ್ಗೆ

ಈ ಮಕ್ಕಳ ಮನೆಮಾತು ದಖನಿ, ತಮಿಳು, ಕನ್ನಡ. ಗ್ಯಾರೇಜಿನ ಮಾತು ಮೂರರ ಬೆರಕೆ. “ಬ್ಯಾಕ್ ಕಂಪ್ರೆಷನ್” ಪದವನ್ನು ನಾನು ತಿದ್ದಿ ಅಳಿಸಲಿಲ್ಲ. ಹಲಗೆಯ ಮೇಲೆ ಅದನ್ನು “ಲಕ್ಷಣ” ಎಂಬ ಅಂಕಣದಲ್ಲಿ ಬರೆದು, ಪಕ್ಕದಲ್ಲಿ “ಸಾಧ್ಯ ಕಾರಣ”, “ಬೇರ್ಪಡಿಸುವ ಪರೀಕ್ಷೆ” ಎಂಬ ಎರಡು ಖಾಲಿ ಅಂಕಣ ಬಿಟ್ಟೆ. ಪದ ಅವರದ್ದೇ ಉಳಿಯಿತು, ಅದರ ಸ್ಥಾನ ಮಾತ್ರ ಬದಲಾಯಿತು.

ಮೌಲ್ಯಮಾಪನ

“ಪಿಸಿವಿ ವಾಲ್ವ್ ಕೆಟ್ಟ ಲಕ್ಷಣಗಳನ್ನು ಪಟ್ಟಿಮಾಡಿ” ಎಂದು ಕೇಳಿದರೆ ಉರು ಹೊಡೆದವರೂ ಬರೆಯುತ್ತಾರೆ. ಅದರ ಬದಲು ಹೀಗೆ ಕೇಳಬಹುದು: “ಕೆ.ಆರ್. ಪುರದಿಂದ ಬಂದ ಟ್ಯಾಕ್ಸಿಯ ಕ್ಯಾಪ್ ತೆಗೆದಾಗ ಕಾಗದ ಹಾರುತ್ತದೆ. ವಾಲ್ವಿನ ತುದಿಯಲ್ಲಿ ಎಳೆತವಿಲ್ಲ, ಹೋಸಿನಲ್ಲಿದೆ. ಮಾಲೀಕನಿಗೆ ಏನು ಹೇಳುವಿರಿ? ಯಾವ ಕೆಲಸ ಈಗ ಬೇಡ?” ಕೊನೆಯ ಪ್ರಶ್ನೆಗೆ ಪ್ರತ್ಯೇಕ ಅಂಕ ಇಡಬೇಕು. ವಾಲ್ವ್ ಬದಲಿಸಿ ಕಾಗದದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುತ್ತೇನೆ ಎಂದು ಬರೆದವರಿಗೂ ಅಂಕ ಸಲ್ಲಬೇಕು. ದುರಸ್ತಿ ಫಲಿಸಿತೇ ಎಂದು ನೋಡುವುದೂ ದೋಷಪತ್ತೆಯ ಭಾಗವೇ.

ಕಾರು ಸಿಗದ ಶಾಲೆಗಳಲ್ಲಿ ಪ್ರಶಿಕ್ಷಣಾರ್ಥಿಗಳು ಬಾಟಲಿಯ ಮಾದರಿ ಮತ್ತು ಗುಜರಿಯಲ್ಲಿ ಸಿಗುವ ಒಂದು ಹಳೆಯ ವಾಲ್ವ್‌ನಿಂದಲೇ ಮೊದಲ ಅವಧಿಯನ್ನು ಪೂರ್ತಿ ನಡೆಸಬಹುದು.