ನೋವರಿಯದ ಕಾಲು

ಅಂಗಾಲಿಗೆ ಮುಳ್ಳು ಚುಚ್ಚಿದೊಡನೆ ನಾವು ಕಾಲನ್ನೆತ್ತಿಕೊಳ್ಳುತ್ತೇವೆ. ಅದನ್ನು ಕೀಳುವವರೆಗೆ ಮುಂದಿನ ಹೆಜ್ಜೆಯಿಡುವುದಿಲ್ಲ. ಬಹುಕಾಲದ ಮಧುಮೇಹಿಯೊಬ್ಬನಾದರೋ ಅದೇ ಮುಳ್ಳಿನ ಮೇಲೆ ದಿನವೆಲ್ಲ ನಡೆದು, ಸಂಜೆ ನೆಲದ ಮೇಲೆ ರಕ್ತದ ಕಲೆಯನ್ನು ಕಂಡಾಗಲಷ್ಟೆ ಗಾಯವನ್ನು ಅರಿಯಬಹುದು. ರಕ್ತದ ಸಕ್ಕರೆಗೂ ಕಾಲಿನ ನೋವಿಗೂ ಏನು ಸಂಬಂಧ?

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಲಾಯಿತು. ಅದುವರೆಗೆ ಅಂತಹ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ. ಇನ್ಸುಲಿನ್ ಅವರಿಗೆ ಆಯುಸ್ಸನ್ನಿತ್ತಿತು. ಆ ದೀರ್ಘಾಯುಸ್ಸಿನಲ್ಲೇ ಕಣ್ಣು, ಮೂತ್ರಪಿಂಡ, ನರ, ಕಾಲುಗಳ ವಿಕಾರಗಳು ತಲೆಯೆತ್ತಿದವು.

ಗ್ಲೂಕೋಸ್ ಪ್ರೋಟೀನುಗಳಿಗೆ ತಾನಾಗಿಯೇ ಅಂಟಿಕೊಳ್ಳುವ ವಸ್ತು. ಇದಕ್ಕೆ ಕಿಣ್ವದ ನೆರವೂ ಬೇಡ. ಕೆಂಪು ರಕ್ತಕಣದ ಹಿಮೋಗ್ಲೋಬಿನ್ನಿಗೂ ಅದು ಅಂಟುತ್ತದೆ. ಆದರೆ ಆ ಕಣದ ಆಯುಸ್ಸು ಸುಮಾರು 120 ದಿನ, ಅದರೊಂದಿಗೆ ಕಲೆಯೂ ಅಳಿಯುತ್ತದೆ. ರಕ್ತನಾಳದ ಗೋಡೆಯಲ್ಲಿರುವ ಕೊಲಾಜೆನ್ ಹಾಗಲ್ಲ. ಅದು ವರ್ಷಾನುಗಟ್ಟಲೆ ಉಳಿಯುವಂಥದು. ಅಂಟಿದ ಸಕ್ಕರೆಯು ಅದರ ತಂತುಗಳನ್ನು ಒಂದಕ್ಕೊಂದು ಬೆಸೆದು, ಗೋಡೆಯನ್ನು ಪೆಡಸಾಗಿಸುತ್ತದೆ. ಕೂದಲಿಗಿಂತ ಸಣ್ಣವಾದ ಲೋಮನಾಳಗಳ ಗೋಡೆ ದಪ್ಪವಾಗುತ್ತದೆ. ದೊಡ್ಡ ಧಮನಿಗಳಲ್ಲಿ, ಅದರಲ್ಲೂ ಮೊಣಕಾಲಿನ ಕೆಳಗೆ, ಕೊಬ್ಬೂ ಸುಣ್ಣವೂ ಸೇರಿ ದಾರಿ ಕಿರಿದಾಗುತ್ತದೆ. ನರಗಳಿಗೆ ಅನ್ನ ಒದಗಿಸುವವೂ ಸಣ್ಣ ನಾಳಗಳೇ. ಸಾಲದುದಕ್ಕೆ, ಹೆಚ್ಚಿದ ಸಕ್ಕರೆ ನರಕೋಶದ ಒಳಗಿನ ರಾಸಾಯನಿಕ ವ್ಯಾಪಾರವನ್ನೂ ಕೆಡಿಸುತ್ತದೆ. ಬೆನ್ನುಹುರಿಯ ಬಳಿಯಿಂದ ಕಾಲ್ಬೆರಳಿನವರೆಗೆ ಚಾಚಿದ ನರತಂತುವಿನ ಉದ್ದ ಸುಮಾರು ಒಂದು ಮೀಟರು. ಅತಿ ಉದ್ದದ ತಂತುಗಳೇ ಮೊದಲು ಸೋಲುವುದರಿಂದ ಜೋಮು ಬೆರಳ ತುದಿಯಲ್ಲಿ ಆರಂಭವಾಗುತ್ತದೆ. ಬೆವರಿನ ನರಗಳೂ ಕೆಟ್ಟು ಚರ್ಮ ಒಣಗಿ, ಹಿಮ್ಮಡಿ ಬಿರಿದು, ರೋಗಾಣುಗಳಿಗೆ ಬಾಗಿಲು ತೆರೆಯುತ್ತದೆ.

ಗಾಯ ಮಾಯಲು ಸಾಧಾರಣ ಸ್ಥಿತಿಗಿಂತ ಹೆಚ್ಚು ರಕ್ತ ಬೇಕು. ಅದೇ ದೊರೆಯದಾಗ ಊತಕಗಳು ಸತ್ತು ಕಪ್ಪಾಗುತ್ತವೆ. ಇದೇ ಗ್ಯಾಂಗ್ರೀನ್. ಬೆರಳನ್ನೋ ಪಾದವನ್ನೋ ಕತ್ತರಿಸುವ ಪ್ರಸಂಗ ಬರುವುದು ಹೀಗೆ.

ಈ ವಿಷಯದಲ್ಲಿ ಒಂದು ದೊಡ್ಡ ಪಾಠ ಬಂದುದು ಬೇರೊಂದು ರೋಗದಿಂದ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅಲ್ಲಿ ಕುಷ್ಠರೋಗಿಗಳ ಕೈಕಾಲುಗಳನ್ನು ಪರೀಕ್ಷಿಸಿದರು. ರೋಗವೇ ಬೆರಳುಗಳನ್ನು ತಿಂದುಹಾಕುತ್ತದೆಂಬುದು ಜನರ ನಂಬಿಕೆಯಾಗಿತ್ತು. ಬ್ರ್ಯಾಂಡರಿಗೆ ಕಂಡುದೇ ಬೇರೆ: ನೋವು ತಿಳಿಯದ ಕಾರಣ ಪುಟ್ಟ ಗಾಯಗಳು ಮತ್ತೆ ಮತ್ತೆ ತುಳಿತಕ್ಕೆ ಸಿಕ್ಕಿ ಅಂಗ ಸವೆಯುತ್ತಿತ್ತು. 1966ರಲ್ಲಿ ಅವರು ಅಮೆರಿಕದ ಕಾರ್ವಿಲ್‌ಗೆ ಹೋದರು. ಮಧುಮೇಹಿಗಳ ಪಾದಕ್ಕೂ ಇದೇ ವಿಚಾರ ಅನ್ವಯವಾಯಿತು. ಪಾದಕ್ಕೆ ಹೊಂದುವಂತೆ ಪ್ಲಾಸ್ಟರ್ ಕಟ್ಟಿ ದೇಹದ ಭಾರವನ್ನು ಹಂಚಿದರೆ, ಎಷ್ಟೋ ಲೇಪಗಳಿಗೆ ಬಗ್ಗದ ಹುಣ್ಣು ಮಾಯುತ್ತದೆ. ರಕ್ತವೇ ತಲುಪದ ಕಾಲಿಗೆ ಮಾತ್ರ ಈ ಉಪಾಯವೊಂದೇ ಸಾಲದು. ಅಲ್ಲಿ ಮೊದಲು ನಾಳದ ತಡೆಯನ್ನು ನಿವಾರಿಸಬೇಕು.

ಈ ಕೇಡು ಅನಿವಾರ್ಯವೇ? ಇನ್ಸುಲಿನ್ ಪಡೆಯುತ್ತಿದ್ದ 1,441 ಮಂದಿಯ ಮೇಲೆ ಅಮೆರಿಕ, ಕೆನಡಾಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಪ್ರಯೋಗವು, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ನರಗಳ ಹಾನಿ ಬಹಳ ಕಡಿಮೆಯೆಂದು ತೋರಿಸಿತು. ಹಾನಿಯನ್ನು ಪತ್ತೆಮಾಡುವ ಸಾಧನವಂತೂ ತೀರ ಸರಳ: 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ. ವೈದ್ಯರು ಅದನ್ನು ಅಂಗಾಲಿಗೆ ಒತ್ತುತ್ತಾರೆ. ಕಣ್ಣು ಮುಚ್ಚಿದ ರೋಗಿ, ಮುಟ್ಟಿದುದು ತಿಳಿದೊಡನೆ ಹೇಳಬೇಕು. ಅವನು ಸುಮ್ಮನಿದ್ದರೆ, ನೋವು ಮಾಡುತ್ತಿದ್ದ ಕಾವಲನ್ನು ಇನ್ನು ಕಣ್ಣು ಕೈಗಳೇ ಮಾಡಬೇಕು: ರಾತ್ರಿ ಅಂಗಾಲಿಗೆ ಕನ್ನಡಿ ಹಿಡಿಯುವುದು, ಮೆಟ್ಟುವ ಮೊದಲು ಬೂಟಿನೊಳಗೆ ಕೈಯಾಡಿಸುವುದು, ಕಾಲಿಗೆರೆಯುವ ಬಿಸಿನೀರನ್ನು ಮೊಣಕೈಯಿಂದ ಮುಟ್ಟಿನೋಡುವುದು.