ಒಂದು ಕಂಪ್ಯೂಟರಿಗೆ ಎರಡು ಪರದೆ: ಕೊಳ್ಳುವ ಮುನ್ನ ಪರೀಕ್ಷಿಸಿರಿ



2001ರ ಸುಮಾರಿಗೆ ತಾಲ್ಲೂಕು ಕಚೇರಿಗಳಲ್ಲಿ 'ಭೂಮಿ' ಯೋಜನೆಯ ಪಹಣಿ ಕೇಂದ್ರಗಳು ಆರಂಭವಾದಾಗ, ಹೊರಗೆ ನಿಂತ ರೈತನ ಕಡೆಗೂ ಒಂದು ಪರದೆ ಇಟ್ಟಿದ್ದರು. ಒಳಗೆ ಕುಳಿತವರು ಮಾಡುವ ಕೆಲಸವನ್ನು ರೈತನು ಕಣ್ಣಾರೆ ನೋಡಲಿ ಎಂಬುದೇ ಅದರ ಉದ್ದೇಶ.

ನಿಮ್ಮ ಹಾಲಿನ ಸಂಘದಲ್ಲಿಯೂ ಹೀಗೆ ಮಾಡಬಹುದು. ಸಂಘದ ಲೆಕ್ಕ ಕಾರ್ಯದರ್ಶಿಯ ಪರದೆಯಲ್ಲಿರಲಿ. ಎಷ್ಟು ಲೀಟರು, ಎಷ್ಟು ಫ್ಯಾಟು ಎಂಬುದು ಹಾಲು ಹಾಕುವವರ ಪರದೆಯಲ್ಲಿ ಕಾಣಲಿ. ಅನುಮಾನಕ್ಕೆ ಎಡೆಯಿರುವುದಿಲ್ಲ. ಆದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಮೊದಲೇ ಪರದೆ ಕೊಂಡುಬಿಡಬೇಡಿರಿ. ಪರದೆಗೆ ಚಿತ್ರ ಕಳಿಸುವುದು ಕಂಪ್ಯೂಟರಿನ ಗ್ರಾಫಿಕ್ಸ್ ಭಾಗ. ಕೆಲವದರಲ್ಲಿ ಅದು ಬೇರೆ ಕಾರ್ಡು. ಕೆಲವದರಲ್ಲಿ ಪ್ರೊಸೆಸರಿನೊಳಗೇ ಇರುತ್ತದೆ. ಅದಕ್ಕೆ ಎರಡು ಪರದೆ ನಡೆಸುವ ಶಕ್ತಿ ಇದೆಯೇ ಎಂದು ಮೊದಲು ತಿಳಿಯಿರಿ.

ಪರೀಕ್ಷಿಸುವ ಕ್ರಮ

1. ಕಂಪ್ಯೂಟರಿನ ಹಿಂಭಾಗ ನೋಡಿರಿ. ಮೂರು ಸಾಲಿನಲ್ಲಿ 15 ತೂತುಗಳಿರುವುದು ವಿಜಿಎ. ಚಪ್ಪಟೆಯಾಗಿ ಚಿಕ್ಕದಾಗಿರುವುದು ಎಚ್‌ಡಿಎಂಐ. ಒಂದು ಮೂಲೆ ಮಾತ್ರ ಓರೆಯಾಗಿರುವುದು ಡಿಸ್‌ಪ್ಲೇ ಪೋರ್ಟ್. ಬೇರೆ ಕಾರ್ಡು ಇದ್ದರೆ ಅದರ ಮೇಲಿನ ಪೋರ್ಟುಗಳನ್ನಷ್ಟೇ ಎಣಿಸಿರಿ. ಕಾರ್ಡು ಹಾಕಿದ ಮೇಲೆ ಮದರ್‌ಬೋರ್ಡಿನ ಪೋರ್ಟುಗಳು ಹಲವು ಸಲ ಕೆಲಸ ಮಾಡುವುದಿಲ್ಲ.

2. ವಿಂಡೋಸ್‌ನ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಡಿವೈಸ್ ಮ್ಯಾನೇಜರ್' ತೆರೆಯಿರಿ. 'ಡಿಸ್‌ಪ್ಲೇ ಅಡಾಪ್ಟರ್ಸ್' ಎಂಬಲ್ಲಿ ಕಾರ್ಡಿನ ಹೆಸರಿರುತ್ತದೆ. ಬರೆದುಕೊಳ್ಳಿರಿ.

3. ಆ ಹೆಸರನ್ನು ತಯಾರಕರ ಜಾಲತಾಣದಲ್ಲಿ ಹುಡುಕಿ, ಒಟ್ಟಿಗೆ ಎಷ್ಟು ಪರದೆ ನಡೆಯುತ್ತವೆಂದು ನೋಡಿರಿ. ಪೋರ್ಟುಗಳ ಎಣಿಕೆಯನ್ನೇ ನಂಬಬೇಡಿರಿ. ಕೆರೆಗೆ ಮೂರು ತೂಬಿದ್ದರೂ ಮೂರಕ್ಕೂ ಒಮ್ಮೆಗೇ ನೀರು ಸಾಲಬೇಕೆಂದಿಲ್ಲ. 2010ರಲ್ಲಿ ಬಂದ ಜಿಟಿಎಕ್ಸ್ 580 ಕಾರ್ಡಿಗೆ ಮೂರು ಪೋರ್ಟು. ಒಟ್ಟಿಗೆ ನಡೆಯುವುದು ಎರಡೇ ಪರದೆ.

4. ಗೊತ್ತಿದ್ದವರಿಂದ ಒಂದು ಪರದೆ ಎರವಲು ತಂದು ಜೋಡಿಸಿರಿ. ವಿಂಡೋಸ್ ಕೀಲಿ ಮತ್ತು 'ಪಿ' ಅಕ್ಷರವನ್ನು ಒಟ್ಟಿಗೆ ಒತ್ತಿ, 'ಎಕ್ಸ್‌ಟೆಂಡ್' ಆರಿಸಿರಿ. ಮೌಸಿನ ಬಾಣ ಒಂದು ಪರದೆಯಿಂದ ಇನ್ನೊಂದಕ್ಕೆ ದಾಟಿ ಹೋದರೆ ನಿಮ್ಮ ಕಾರ್ಡು ಸಮರ್ಥವೆಂದು ತಿಳಿಯಿರಿ.

ಎರಡು ಎಚ್ಚರಿಕೆಗಳು

ಒಂದೇ ಪೋರ್ಟಿಗೆ 'ಸ್ಪ್ಲಿಟರ್' ಹಾಕಿದರೆ ಸಾಕೆಂದು ಅಂಗಡಿಯಲ್ಲಿ ಹೇಳಿದ್ದನ್ನು ನಂಬಿ ನಾನೂ ಒಮ್ಮೆ ಕೊಂಡೆ. ಎರಡೂ ಪರದೆಯಲ್ಲಿ ಒಂದೇ ಚಿತ್ರ ಬಂತು. ಒಂದೇ ಚಿತ್ರ ಸಾಕೆಂಬುವರಿಗೆ ಅದು ಸರಿ. ಬೇರೆ ಬೇರೆ ಬೇಕಾದವರಿಗೆ ಹಣ ದಂಡ.

ಎಚ್‌ಡಿಎಂಐ ಪೋರ್ಟಿಗೆ ವಿಜಿಎ ಪರದೆ ಜೋಡಿಸಲು ಬರಿಯ ತಂತಿ ಸಾಲದು. ಸಂಕೇತವನ್ನು ಬದಲಿಸುವ ಕನ್ವರ್ಟರ್ ಬೇಕು.

ಬಿತ್ತನೆಗೆ ಮುಂಚೆ ನಾಲ್ಕು ಕಾಳು ಮೊಳಕೆ ಕಟ್ಟಿ ನೋಡುವವರು ನೀವು. ಇಲ್ಲಿಯೂ ಹಾಗೆಯೇ ನೋಡಿರಿ. ಸಂಘದ ಹಣ ನಿಮ್ಮೆಲ್ಲರ ಹಣ.