ಕ್ಯಾಮೆರಾ ಕೊಳ್ಳಲು ಹೋಗುವಾಗ ಟಾರ್ಚ್ ಇರಲಿ

ಸಾಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ನಾಮಕರಣ, ರಾತ್ರಿ ಯಕ್ಷಗಾನ, ಬಿಡುವಾದಾಗ ಹಕ್ಕಿ. ನಡುನಡುವೆ ಕಾಲೇಜು ಹುಡುಗರು, ಈಚೆಗೆ ನಿವೃತ್ತರಾದ ಮೇಷ್ಟ್ರುಗಳೂ ಬಂದು ಕೂರುತ್ತಾರೆ. ಕೇಳುವುದು ಒಂದೇ: "ಕಲಿಯೋಕೆ ಯಾವ ಡಿಎಸ್‌ಎಲ್‌ಆರ್ ತಗೊಳ್ಳೋದು?" ಮಾಡೆಲ್ ನಂಬರ್ ಒಂದನ್ನು ಹೇಳಿ ಕಳಿಸಿದರೆ ಅವರಿಗೂ ಸುಲಭ, ನನಗೂ ಸುಲಭ. ಆದರೆ ಹಾಗೆ ಕೊಂಡ ಕ್ಯಾಮೆರಾಗಳು ಬಹುಪಾಲು ಬ್ಯಾಗಿನಿಂದ ಹೊರಗೆ ಬರುವುದಿಲ್ಲ. ಅದಕ್ಕೇ ನಂಬರಿನ ಬದಲು ಈ ಮಾತುಗಳನ್ನು ಹೇಳುತ್ತೇನೆ.

1. ಏನು ತೆಗೆಯುತ್ತೀರಿ, ಎಲ್ಲಿ ನಿಂತು ತೆಗೆಯುತ್ತೀರಿ, ಅಲ್ಲಿ ಬೆಳಕು ಎಷ್ಟಿರುತ್ತದೆ. ಈ ಮೂರಕ್ಕೆ ಉತ್ತರ ಸಿಕ್ಕಿದರೆ ಲೆನ್ಸ್ ಯಾವುದೆಂದು ಗೊತ್ತಾಗುತ್ತದೆ. ಲೆನ್ಸ್ ಗೊತ್ತಾದರೆ ಅದಕ್ಕೆ ಹೊಂದುವ ಕ್ಯಾಮೆರಾ ತಾನೇ ಸಿಗುತ್ತದೆ. ನಮ್ಮವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಇದ್ದ ಹಣವನ್ನೆಲ್ಲ ಕ್ಯಾಮೆರಾಗೆ ಸುರಿದು, ಲೆನ್ಸಿನ ವಿಷಯ ಬಂದಾಗ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ.

2. ಹೊಸ ಮಾಡೆಲ್ ಬರಲಿ ಎಂದು ಕಾಯಬೇಡಿ. ಕ್ಯಾನನ್ ಮತ್ತು ನಿಕಾನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ, ಅವರ ದುಡಿಮೆಯೆಲ್ಲ ಈಗ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕಡೆಗೆ. ಕಲಿಯುವವರಿಗೆ ಇದು ಒಳ್ಳೆಯ ಸುದ್ದಿ ಎಂದೇ ನನ್ನ ಲೆಕ್ಕ. ಮಿರರ್‌ಲೆಸ್‌ಗೆ ಹೋದವರು ಹಳೆಯದನ್ನು ಮಾರುತ್ತಿದ್ದಾರೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ಸರಕು ಇಳಿದ ಬೆಲೆಗೆ ಸಿಗುತ್ತಿದೆ. 2018ರಲ್ಲಿ ಬಂದ ನಿಕಾನ್ ಡಿ3500, ಕ್ಯಾನನ್ 1500ಡಿ ಇವತ್ತಿಗೂ ಕಲಿಕೆಗೆ ಧಾರಾಳ ಸಾಕು. ಡಿ3500 ಒಂದು ಚಾರ್ಜಿಗೆ 1,550 ಚಿತ್ರ ತೆಗೆಯುತ್ತದೆಂಬುದು ಕಂಪನಿಯ ಲೆಕ್ಕ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರಿನವರಿಗೆ ಅದರ ಬೆಲೆ ಗೊತ್ತು.

ಮುಂದೆ ಮಿರರ್‌ಲೆಸ್‌ಗೆ ಹೋದರೆ ಲೆನ್ಸೆಲ್ಲ ದಂಡವೇ? ಅಲ್ಲ. ಕ್ಯಾನನ್ನಿನ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಅದರ ಆರ್ ಸರಣಿಯ ಕ್ಯಾಮೆರಾಗಳಲ್ಲಿ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನ್ ಎಎಫ್-ಎಸ್ ಲೆನ್ಸುಗಳಿಗೂ ಝಡ್ ಸರಣಿಯಲ್ಲಿ ಅದೇ ಅನುಕೂಲ ಇದೆ.

3. ಮೆಗಾಪಿಕ್ಸೆಲ್ ಜಗಳಕ್ಕೆ ಹೋಗಬೇಡಿ. 24 ಮೆಗಾಪಿಕ್ಸೆಲ್ ಅಂದರೆ 6000 x 4000 ಚುಕ್ಕಿ, ಒಳ್ಳೆಯ ಗುಣಮಟ್ಟದಲ್ಲೇ 20 ಇಂಚು ಅಗಲದ ಪ್ರಿಂಟ್ ಬರುತ್ತದೆ. ನಿಮ್ಮ ಮನೆಯ ಗೋಡೆಯ ಮೇಲೆ ಅದಕ್ಕಿಂತ ದೊಡ್ಡ ಫೋಟೊ ಎಷ್ಟಿವೆ?

4. ನಿಕಾನ್ ಕೊಳ್ಳುವುದಾದರೆ ಫೋಕಸ್ ಮೋಟರ್ ಎಲ್ಲಿದೆ ಎಂದು ಕೇಳಿ. ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಮೋಟರ್ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ 50 ಎಂಎಂ ಎಫ್/1.8 ಡಿ ತಂದು ಹಾಕಿದರೆ ಲೆನ್ಸ್ ಕೂರುತ್ತದೆ, ಚಿತ್ರವೂ ಬರುತ್ತದೆ, ಆದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕು. ಓಡಾಡುವ ಮಗುವಿನ ಹಿಂದೆ ಬಿದ್ದಾಗ ಇದು ಸಾಕೋ ಸಾಕು ಅನ್ನಿಸುತ್ತದೆ. ಹೆಸರಿನಲ್ಲಿ ಎಎಫ್-ಎಸ್ ಎಂದಿರುವುದನ್ನೇ ತೆಗೆದುಕೊಳ್ಳಿ. ಡಿ90, ಡಿ7000 ಸಾಲಿನಲ್ಲಿ ಮೋಟರ್ ಇದೆ, ಅವಕ್ಕೆ ಎರಡೂ ನಡೆಯುತ್ತವೆ. ಎಎಫ್-ಪಿ ಎಂಬ ಹೊಸ ಬಗೆಯ ಲೆನ್ಸುಗಳದ್ದು ಇದರ ಉಲ್ಟಾ ಕಥೆ. ಅವು ಡಿ3200, ಡಿ7000ದಂಥ ಹಳೆಯವುಗಳ ಮೇಲೆ ಫೋಕಸ್ ಆಗುವುದೇ ಇಲ್ಲ.

ಕ್ಯಾನನ್‌ನಲ್ಲಿ ಈ ತಲೆನೋವಿಲ್ಲ. 1987ರಿಂದ ಬಂದ ಇಎಫ್ ಲೆನ್ಸ್ ಯಾವುದೇ ಆದರೂ ಮೋಟರ್ ಅದರೊಳಗೇ ಇರುತ್ತದೆ. ಲೆನ್ಸ್ ಕೂರಿಸುವ ಬಳೆಯ ಹತ್ತಿರ ಗುರುತು ನೋಡಿ: ಕೆಂಪು ಚುಕ್ಕಿ ಇದ್ದರೆ ಇಎಫ್, ಬಿಳಿ ಚೌಕ ಇದ್ದರೆ ಇಎಫ್-ಎಸ್. ಕಲಿಯುವವರ ಕ್ಯಾಮೆರಾಗಳಿಗೆ ಎರಡೂ ಕೂರುತ್ತವೆ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ಗೆ ಬಿಳಿ ಚೌಕದ್ದು ಕೂರುವುದಿಲ್ಲ. 3000ಡಿ ಎಂಬ ಅತಿ ಅಗ್ಗದ ಮಾಡೆಲ್‌ನಲ್ಲಿ ಆ ಬಳೆಯೇ ಪ್ಲಾಸ್ಟಿಕ್. ಅದನ್ನು ನಾನು ಯಾರಿಗೂ ಹೇಳುವುದಿಲ್ಲ.

5. ಜೊತೆಗೆ ಬರುವ 18-55 ಲೆನ್ಸನ್ನು ಹೀಗಳೆಯುವುದು ಒಂದು ಫ್ಯಾಷನ್. ಹಗಲು ಬೆಳಕಿನಲ್ಲಿ ಇಕ್ಕೇರಿ ದೇವಸ್ಥಾನದ ಹೊರಗೋಡೆಯನ್ನು ಇದರಲ್ಲಿ ತೆಗೆದು, ಐದು ಪಟ್ಟು ದುಡ್ಡಿನ ಲೆನ್ಸಿನಲ್ಲೂ ತೆಗೆದು ಪಕ್ಕಪಕ್ಕ ಇಟ್ಟರೆ, ಯಾವುದು ಯಾವುದೆಂದು ಹೇಳಲು ಹೆಚ್ಚಿನವರು ತಡವರಿಸುತ್ತಾರೆ. ಕೆಲವು ತಿಂಗಳು ಅದೊಂದರಲ್ಲೇ ತೆಗೆಯಿರಿ. ಆಮೇಲೆ ಕಂಪ್ಯೂಟರಿನಲ್ಲಿ ನಿಮಗೆ ಇಷ್ಟವಾದ ಚಿತ್ರಗಳ ವಿವರ ತೆರೆದು, ಯಾವ ಎಂಎಂನಲ್ಲಿ ತೆಗೆದದ್ದೆಂದು ನೋಡಿ. ಹೆಚ್ಚಿನವು 18ರಲ್ಲಿದ್ದರೆ ನಿಮಗೆ ಅಗಲದ ಲೆನ್ಸ್ ಬೇಕು. ಸದಾ 55ಕ್ಕೆ ಹೋಗಿ ತಡೆದು ನಿಂತಿದ್ದರೆ ಉದ್ದದ್ದು ಬೇಕು.

6. ಎರಡನೆಯ ಲೆನ್ಸ್ ಬೆಳಕಿಗಾಗಿ ಇರಲಿ. ರಾತ್ರಿ ಬಯಲಾಟ ನಡೆದಿದೆ. ವೇಷಧಾರಿ ಮಂಡಿ ಹಾಕಿ ಗಿರಕಿ ಹೊಡೆಯುತ್ತಿದ್ದಾನೆ. 50 ಎಂಎಂ ಎಫ್/1.8 ಲೆನ್ಸಿನಲ್ಲಿ ಐಎಸ್‌ಒ 1600 ಇಟ್ಟು 1/250 ಸೆಕೆಂಡ್ ಸಿಗುತ್ತದೆ ಎನ್ನಿ, ಮುಖ ನಿಲ್ಲುತ್ತದೆ, ಕಿರೀಟ ನಿಲ್ಲುತ್ತದೆ. ಅದೇ ಜಾಗದಲ್ಲಿ 18-55 ಅನ್ನು ತುದಿಗೆ ಎಳೆದರೆ ಅಪರ್ಚರ್ ಎಫ್/5.6, ಒಳಗೆ ಬರುವ ಬೆಳಕು ಹತ್ತರಲ್ಲಿ ಒಂದು ಪಾಲು. ಐಎಸ್‌ಒ 6400ಕ್ಕೆ ಏರಿಸಿದರೂ ಸಿಗುವುದು 1/100. ಗೆಜ್ಜೆ ಕಟ್ಟಿದ ಕಾಲು ಮಸುಕು, ಕಪ್ಪು ಜಾಗದಲ್ಲೆಲ್ಲ ರವೆ ಚೆಲ್ಲಿದ ಹಾಗೆ ಕಾಳು ಕಾಳು. "ಇದರಲ್ಲಿ ಸ್ಟೆಬಿಲೈಸೇಷನ್ ಇದೆಯಲ್ಲ" ಎನ್ನುತ್ತಾರೆ. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ವೇಷದವನ ಕುಣಿತವನ್ನಲ್ಲ.

ಹಾಗಂತ ಎಲ್ಲರೂ 50 ತೆಗೆದುಕೊಳ್ಳಬೇಕಿಲ್ಲ. ಫಿಲ್ಮ್ ಕಾಲದಲ್ಲಿ 50 ಸಹಜ ನೋಟದ ಲೆನ್ಸ್ ಆಗಿತ್ತು. ಕಲಿಯುವವರ ಕ್ಯಾಮೆರಾಗಳ ಸೆನ್ಸರ್ ಚಿಕ್ಕದು, ಹಾಗಾಗಿ ಅದು ನಿಕಾನ್‌ನಲ್ಲಿ 75ರಂತೆ, ಕ್ಯಾನನ್‌ನಲ್ಲಿ 80ರಂತೆ ಹತ್ತಿರ ಎಳೆಯುತ್ತದೆ. ನಾಮಕರಣದ ಮನೆಗೆ ಹೋಗಿ ನೋಡಿ. ತೊಟ್ಟಿಲಿಂದ ಹತ್ತು ಅಡಿ ಹಿಂದಕ್ಕೆ ಸರಿದು ಗೋಡೆಗೆ ಬೆನ್ನು ತಾಗಿಸಿ ನಿಂತರೂ 50 ಎಂಎಂಗೆ ಕಾಣುವುದು ಸುಮಾರು ನಾಲ್ಕೂವರೆ ಅಡಿ ಅಗಲ ಮಾತ್ರ. ತೊಟ್ಟಿಲು ಬಂತು, ಅಜ್ಜಿ ಹೊರಗುಳಿದರು. ಮನೆಮಂದಿಯನ್ನು ತೆಗೆಯುವವರಿಗೆ ನಿಕಾನ್‌ನಲ್ಲಿ 35 ಎಂಎಂ ಎಫ್/1.8 ಡಿಎಕ್ಸ್, ಕ್ಯಾನನ್‌ನಲ್ಲಿ 24 ಎಂಎಂ ಎಫ್/2.8 ಚೆನ್ನ. ರಂಗಸ್ಥಳದ ಮುಂದೆ ಕೂರುವವರಿಗೆ 50.

7. ಹಕ್ಕಿ ಹುಚ್ಚಿನವರು ಮೊದಲ ದಿನವೇ 150-600 ಕೇಳುತ್ತಾರೆ. ಅದರ ತೂಕವೇ ಸುಮಾರು ಎರಡು ಕಿಲೊ. ಮೊದಲು 55-250 ಅಥವಾ 70-300 ಹಿಡಿದು ಮಳೆಗಾಲದಲ್ಲಿ ಮಂಡಗದ್ದೆಗೆ ಹೋಗಿ, ಬೆಳ್ಳಕ್ಕಿಗಳು ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟಿರುತ್ತವೆ. ರಂಗನತಿಟ್ಟಿನ ದೋಣಿಯಿಂದಲೂ 300 ಎಂಎಂಗೆ ಕೊಕ್ಕರೆ, ಮೊಸಳೆ ಬೇಕಾದಷ್ಟು ಸಿಗುತ್ತವೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್ ಅವರ ತಲೆಮಾರು ಆಟೊಫೋಕಸ್ ಇಲ್ಲದ ಕಾಲದಲ್ಲಿ, ಫಿಲ್ಮಿನಲ್ಲಿ ಹಕ್ಕಿ ತೆಗೆದದ್ದು. ಅವರು ಹಕ್ಕಿಯ ನಡವಳಿಕೆ ಬಲ್ಲವರಾಗಿದ್ದರು. ಅದನ್ನು ಯಾವ ಲೆನ್ಸೂ ಕಲಿಸುವುದಿಲ್ಲ.

8. ಈಗ ಟಾರ್ಚಿನ ವಿಷಯ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಅದು ಹೊಸದರಂತೆ ಹೊಳೆಯುತ್ತದೆ. ಲೆನ್ಸ್ ಕಳಚಿ, ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ನಿಕಾನ್ ಆದರೆ ಹಿಂಭಾಗದ ಪುಟ್ಟ ಲಿವರನ್ನು ಬೆರಳಿನಲ್ಲಿ ಸರಿಸಿ ಅಪರ್ಚರ್ ತೆರೆಯಬೇಕು, ಕ್ಯಾನನ್ನಿನದ್ದು ತೆರೆದೇ ಇರುತ್ತದೆ. ಗಾಜಿನ ಅಂಚಿನಿಂದ ಒಳಕ್ಕೆ ಜೇಡನ ಎಳೆಯಂತೆ, ಬೇರಿನಂತೆ ಕವಲೊಡೆದದ್ದು ಕಂಡರೆ ಅದು ಫಂಗಸ್, ಮಾತು ಮುಗಿಸಿ ಎದ್ದು ಬನ್ನಿ. ಗಾಜಿನ ಲೇಪವನ್ನೇ ತಿಂದಿದ್ದರೆ ಒರೆಸಿದರೂ ಕಲೆ ಹೋಗುವುದಿಲ್ಲ. ಒಳಗೆ ಒಂದೆರಡು ದೂಳಿನ ಕಣ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಚಿತ್ರದಲ್ಲಿ ಕಾಣುವುದಿಲ್ಲ.

ಕ್ಯಾಮೆರಾಗೆ ಬೇರೆ ಪರೀಕ್ಷೆ. ಎಫ್/16ರಲ್ಲಿ ಬರೀ ಆಕಾಶ ಅಥವಾ ಬಿಳಿ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ, ಸೆನ್ಸರಿನ ಮೇಲಿನ ದೂಳು ಕಪ್ಪು ಚುಕ್ಕಿಗಳಾಗಿ ಬಯಲಾಗುತ್ತದೆ. ಟೇಬಲ್ ಮೇಲೆ ದಿನಪತ್ರಿಕೆ ಹರಡಿ, ಓರೆಯಾಗಿ ನಿಂತು ನಡುವಿನ ಒಂದು ಸಾಲಿಗೆ ಫೋಕಸ್ ಮಾಡಿ ತೆಗೆಯಿರಿ. ಹಿಂದಿನದೋ ಮುಂದಿನದೋ ಸಾಲು ಹೆಚ್ಚು ಚೂಪಾಗಿ ಬಂದರೆ ಫೋಕಸ್ ಜಾರುತ್ತಿದೆ ಎಂದರ್ಥ. ಶಟರ್ ಎಷ್ಟು ಬಾರಿ ಬಿದ್ದಿದೆ ಎಂಬ ಲೆಕ್ಕವನ್ನು ನಿಕಾನ್ ಚಿತ್ರದ ವಿವರದಲ್ಲೇ ಬರೆದಿಡುತ್ತದೆ. ಡಿ3500, ಡಿ5600ರ ಶಟರನ್ನು ಒಂದು ಲಕ್ಷ ಬಾರಿಗೆ ಪರೀಕ್ಷಿಸಲಾಗಿದೆ. ನಮ್ಮಂಥ ಮದುವೆಯವರ ಕೈಯಿಂದ ಬಂದ ಕ್ಯಾಮೆರಾ ಆದರೆ ಈ ಲೆಕ್ಕ ನೋಡದೆ ಮುಂಗಡ ಕೊಡಬೇಡಿ. ಮನೆಬಳಕೆಯದ್ದರಲ್ಲಿ ಅದು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ.

9. ಕೊಂಡದ್ದನ್ನು ಬ್ಯಾಗಿನಲ್ಲಿ ಇಡಬೇಡಿ. ಸ್ಪಂಜಿನ ಬ್ಯಾಗು ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅಡುಗೆಮನೆಯ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಪುಟ್ಟ ಮೀಟರ್ ಇದ್ದರೆ ಸಾಕು. ಮುಳ್ಳು 40ರಿಂದ 50ರ ನಡುವೆ ಇರಲಿ. ಜೆಲ್‌ನ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕಿ. ಆ ಬಾಣಲೆ ಆಮೇಲೆ ಅಡುಗೆಗೆ ಬೇಡ.

10. ಅಂಗಡಿಯವರು "ಫ್ರೀ" ಎಂದು ಕೊಡುವ ಟ್ರೈಪಾಡ್ ಗಾಳಿಗೆ ನಡುಗುತ್ತದೆ, ಫಿಲ್ಟರ್ ಚಿತ್ರದಲ್ಲಿ ದೀಪದ ಪ್ರತಿಬಿಂಬ ಬೀಳಿಸುತ್ತದೆ. ಅದರ ಬದಲು ಬೆಲೆ ಇಳಿಸಲು ಹೇಳಿ, ಲೆನ್ಸ್ ಹುಡ್ ಕೊಳ್ಳಿ. ಬಿಲ್ ಕೇಳಿ ಪಡೆಯಿರಿ.

11. ಇಷ್ಟೆಲ್ಲಕ್ಕೂ ಮೊದಲು ನೆಂಟರಿಷ್ಟರ ಮನೆಗಳಲ್ಲಿ ವಿಚಾರಿಸಿ. ಫೋನಿನ ಕ್ಯಾಮೆರಾ ಚೆನ್ನಾಗುವುದಕ್ಕೆ ಮುಂಚೆ ಮಗು ಹುಟ್ಟಿತೆಂದೋ ಪ್ರವಾಸಕ್ಕೆಂದೋ ಡಿಎಸ್‌ಎಲ್‌ಆರ್ ಕೊಂಡವರು ಪ್ರತಿ ಬಳಗದಲ್ಲೂ ಒಬ್ಬರಿದ್ದಾರೆ. ಇದನ್ನು ಓದುತ್ತಿರುವ ನೀವೇ ಆ ಒಬ್ಬರಾಗಿದ್ದರೆ, ಬೀರುವಿನ ಮೇಲಿನ ಬ್ಯಾಗನ್ನು ಈ ಭಾನುವಾರ ಇಳಿಸಿ, ಬ್ಯಾಟರಿ ಚಾರ್ಜ್‌ಗೆ ಹಾಕಿ, ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿ. ಗಾಜು ಚೊಕ್ಕಟವಾಗಿದ್ದರೆ, ಮಳೆ ಹಿಡಿಯುವ ಮೊದಲೇ ಕಲಿಯುವ ಹುಡುಗಿಗೋ ಹುಡುಗನಿಗೋ ಕೊಟ್ಟುಬಿಡಿ, ಇಲ್ಲವೇ ಕಡಿಮೆ ಬೆಲೆಗೆ ಮಾರಿ.